ಭಂಡಾರ ಬಳಿದ ನಂಬರ್ ಪ್ಲೇಟು

ಬೈಲಹೊಂಗಲದ ದಾವಲಸಾಬನಿಗೆ ಸಿಟ್ಟು ಬಂದರೆ ಅದು ಮೂಗಿನ ತುದಿಗೆ ಬರುತ್ತಿರಲಿಲ್ಲ, ಬಲಗೈಗೆ ಬರುತ್ತಿತ್ತು. ಕೈ ನೆಟ್ಟಗೆ ಹೋಗಿ ಹಾರ್ನಿನ ಮೇಲೆ ಕೂತುಬಿಡುತ್ತಿತ್ತು. ಆವತ್ತು ಅವನು ಗಾಡಿಯಲ್ಲಿರಲಿಲ್ಲ, ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಹಾರ್ನು ಸಿಗದೆ ಕೈ ಬಸಿಯ ಮೇಲೆ ಬಿತ್ತು, ಬಸಿ ಒಡೆದು ಎರಡಾಯಿತು.

ಮಗಳು ಹಿನಾಕೌಸರ ಅವನ ಮೊಬೈಲು ಹಿಡಿದು ಎದುರಿಗೆ ನಿಂತಿದ್ದಳು.

"ಇನ್ನೊಮ್ಮೆ ಓದು."

"ಎಷ್ಟ ಸಲ ಓದ್ಲಿ ಅಬ್ಬಾ? ಹೆದ್ದಾರ್ಯಾಗ ಜೋರ್ ಹೋಗಿದ್ದಕ್ಕ ದಂಡ. ಅದು ಬ್ಯಾರೆ. ಕ್ಯಾಮೆರಾಕ್ಕ ಕಾಣಬಾರದಂತ ನಂಬರ್ ಪ್ಲೇಟ್ ಮುಚ್ಚಿದ್ದಕ್ಕ ಆರ ತಿಂಗಳ ಲೈಸೆನ್ಸ್ ಅಮಾನತ ಮಾಡ್ತಾರಂತ. ನಿಮ್ಮ ಮಾತ ಏನರ ಇದ್ರ ಸೋಮವಾರ ಬಂದು ಹೇಳ್ರಿ ಅಂತ ಬರದಾರ."

"ಮುಚ್ಚಿದ್ದು ಅಂತ ಬರದಾರ?"

"ಹೌದು. ಬೇಕಂತ ಮುಚ್ಚಿದ್ದು."

ಜೊತೆಗೊಂದು ಚಿತ್ರವಿತ್ತು. ಕಂಬದ ಮೇಲಿನ ಕ್ಯಾಮೆರಾ ತೆಗೆದದ್ದು. ದಾವಲಸಾಬನ ಬಿಳಿ ಕ್ರೂಸರಿನ ಮೋರೆಯೆಲ್ಲ ಅರಿಷಿಣದ ಹಗೇವಿನಲ್ಲಿ ಅದ್ದಿ ತೆಗೆದಂತೆ ಹಳದಿ. ಬಾನೆಟ್ಟಿನ ಮೇಲೆ ಬೇವಿನ ತಪ್ಪಲು. ಗಾಜಿನ ಹಿಂದೆ ಕಿತ್ತೂರಿನ ಮುದುಕಿ ದೇವಕ್ಕ ಬಾಯಿ ಅಗಲ ತೆರೆದು ಹಾಡುತ್ತಿದ್ದಾಳೆ. ನಂಬರು ಇರಬೇಕಾದ ಜಾಗದಲ್ಲಿ ಬರೀ ಭಂಡಾರ, ಯಲ್ಲಮ್ಮನ ಅರಿಷಿಣ ಪುಡಿ. ಮುಂದಿನ ನಂಬರು ಕಾಣದಿದ್ದರೂ ಹಿಂದಿನದನ್ನು ಇನ್ನೊಂದು ಕ್ಯಾಮೆರಾ ಹಿಡಿದಿತ್ತು.

ದಾವಲಸಾಬನಿಗೆ ದಂಡ ಹೊಸದಲ್ಲ. ರಸ್ತೆಯ ಮೇಲೆ ಇರುವವನಿಗೆ ದಂಡ, ನೀರಲ್ಲಿ ಇರುವವನಿಗೆ ನೆಗಡಿ ಇದ್ದಂತೆ. ಲೈಸೆನ್ಸ್ ಮಾತ್ರ ಬೇರೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಬೈಲಹೊಂಗಲ ಪೇಟೆಯಿಂದ ಹತ್ತಿ ಸಾಗಿಸುವ ಲಾರಿಗಳಲ್ಲಿ ಕ್ಲೀನರ್ ಆಗಿ, ಡ್ರೈವರುಗಳ ಬೈಗುಳ ತಿಂದು, ಅವರ ಅಂಗಿ ಒಗೆದು ಅವನು ಕಲಿತ ವಿದ್ಯೆ ಅದೊಂದೇ. ಪದವಿ ಕಾಗದಗಳನ್ನು ಜನ ಗೋಡೆಗೆ ತೂಗುಹಾಕುತ್ತಾರೆ. ಅವನು ಲೈಸೆನ್ಸನ್ನು ಎದೆಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಅದು ಆರು ತಿಂಗಳು ಇಲ್ಲವೆಂದರೆ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವವರ ಬಾಡಿಗೆಗಳೂ ಹೋದವು, ಲಗ್ನದ ಸುಗ್ಗಿಯೂ ಹೋಯಿತು. ಅವನು ಬರೀ ದಾವಲಸಾಬ ಆಗಿ ಕಟ್ಟೆಯ ಮೇಲೆ ಕೂರಬೇಕು. ಬರೀ ದಾವಲಸಾಬ ಎಂದರೆ ಏನೆಂದು ಅವನಿಗೇ ತಿಳಿದಿರಲಿಲ್ಲ.

"ಗಾಡಿಗೆ ಬ್ರೇಕ್ ಎರಡು. ಒಂದ ಕಾಲಾಗ, ಒಂದ ಕಣ್ಣಾಗ. ಕಣ್ಣಿನ ಬ್ರೇಕ್ ಫೇಲ್ ಆದಾವ ಕಾಲಿಂದ ಎಷ್ಟ ಒತ್ತಿದ್ರೂ ಅಷ್ಟ" ಎಂದು ಹೊಸ ಹುಡುಗರಿಗೆ ಅವನು ಹೇಳುತ್ತಿದ್ದ. ಯಾರಾದರೂ ತಿರುವಿನಲ್ಲಿ ಮುಂದೆ ನುಗ್ಗಿದರೆ ಅಡ್ಡಗಟ್ಟಿ, ಇಳಿದು, ಕಿಟಕಿಯಲ್ಲಿ ಮೋರೆ ಹಾಕಿ ಅವರಪ್ಪನ ಹೆಸರು ಕೇಳಿಯೇ ಮುಂದೆ ಹೋಗುವವನು. ಗಾಡಿಯೊಳಗಿನ ಮಂದಿ ಅಷ್ಟು ಹೊತ್ತು ಶೇಂಗಾ ತಿನ್ನುತ್ತ ಕೂರುತ್ತಿದ್ದರು. ಅವರಿಗೆ ರೂಢಿಯಾಗಿತ್ತು.

ಇಂಥವನ ತಲೆಯ ಮೇಲೆ ಹೆದ್ದಾರಿಯವರು ಆ ಫಲಕಗಳನ್ನು ತಂದು ನಿಲ್ಲಿಸಿದರು. ರಸ್ತೆಗೆ ಅಡ್ಡ ಕಬ್ಬಿಣದ ಕಮಾನು, ಕಮಾನಿಗೆ ಕರಿಯ ಫಲಕ, ಫಲಕದಲ್ಲಿ ಕೆಂಪು ಉಂಗುರ, ಉಂಗುರದೊಳಗೆ ಉರಿಯುವ ಅಂಕಿ. ಈಗ ಎಂಬತ್ತು, ಚಹಾ ಕುಡಿದು ಬರುವಷ್ಟರಲ್ಲಿ ಅರವತ್ತು, ಬೀಡಿ ಹಚ್ಚುವಷ್ಟರಲ್ಲಿ ನಲವತ್ತು. ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತವರು ಪರದೆ ನೋಡಿ, ಮುಂದೆ ಅಪಘಾತವೋ ಮಂಜೋ ದಟ್ಟಣೆಯೋ ತಿಳಿದುಕೊಂಡು, ಆಯಾ ಹೊತ್ತಿಗೆ ತಕ್ಕ ವೇಗ ಹೇಳುತ್ತಾರಂತೆ. ಮೀರಿದರೆ ಕ್ಯಾಮೆರಾ ಇದೆ. ಇದಕ್ಕೆ ಸ್ಮಾರ್ಟ್ ರಸ್ತೆ ಎಂದು ಹೆಸರು. ಮೊದಲ ದಿನ ಅದರ ಕೆಳಗೆ ಹಾದಾಗ ದಾವಲಸಾಬ ಒಂದೇ ಮಾತು ಅಂದಿದ್ದ: "ರಸ್ತಿ ಶ್ಯಾಣ್ಯಾ ಆತು, ಇನ್ನ ಡ್ರೈವರ್ ದಡ್ಡ ಆಗ್ಬೇಕಷ್ಟ."

ಈಗ ಭಂಡಾರ ಪ್ಲೇಟಿಗೆ ಬಂದ ಬಗೆ.

ಪ್ರತಿ ವರ್ಷ ಬನದ ಹುಣ್ಣಿಮೆಗೆ ದೇವಕ್ಕನ ಮನೆಯವರನ್ನು ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುವುದು ದಾವಲಸಾಬನ ಗಾಡಿಯೇ. ಬೇರೆ ಗಾಡಿಯನ್ನು ಮುದುಕಿ ಹತ್ತುವುದಿಲ್ಲ. ಮನೋಳಿಯಲ್ಲಿ ಇಳಿದು ಹೊಳೆಯ ನೀರಿಗೆ ಮುಖ ತೊಳೆಯಬೇಕು, ಉಗರಗೋಳದಲ್ಲಿ ಭಂಡಾರ, ಬಳೆ, ಬೇವು ಕೊಳ್ಳಬೇಕು, ಗುಡ್ಡದಲ್ಲಿ ಹೋಳಿಗೆ ಮಾಡಿ ಪರಡಿಯ ಬುಟ್ಟಿಗೆ ದೇವಿಯ ಎಡೆ ತುಂಬಬೇಕು. ಎಲ್ಲ ಮುಗಿದು ಹೊರಡುವಾಗ ಕೊನೆಯ ಪೂಜೆ ಗಾಡಿಗೆ. "ನಮ್ಮನ್ನ ಹೊತಗೊಂಡ ಬಂದೈತಿ. ಅದಕೂ ಉಡಿ ತುಂಬಬೇಕು" ಎಂದು ದೇವಕ್ಕ ಬೊಗಸೆ ತುಂಬ ಭಂಡಾರ ತೆಗೆದು ಬಾನೆಟ್ಟಿಗೆ ಬಳಿಯುತ್ತಿದ್ದಳು. ಆ ಭಂಡಾರವನ್ನು ದಾರಿಯಲ್ಲಿ ಯಾರೂ ಒರೆಸುವಂತಿಲ್ಲ. ಕಿತ್ತೂರಿನ ಮನೆ ಮುಟ್ಟಿದ ಮೇಲೆ ಅವಳೇ ತಂಬಿಗೆ ನೀರು ತಂದು, ಮೋರೆ ತೊಳೆಸಿದ ಹಾಗೆ ಗಾಡಿಯನ್ನು ತೊಳೆಯಬೇಕು. ನಡುವೆ ಒರೆಸಿದರೆ ಹೋಗಿ ಬಂದ ಪುಣ್ಯ ದಾರಿಯಲ್ಲೇ ಉದುರಿಹೋಗುತ್ತದೆ. ದಾವಲಸಾಬ ಶುಕ್ರವಾರದ ನಮಾಜು ತಪ್ಪಿಸದವನು. ದೇವರು ಆಯಿಯದು, ಆದರೆ ಗಾಡಿ ನನ್ನದು, ಗಾಡಿಗೆ ಮಾಡಿದ ಮಾನ ನನಗೂ ಮಾಡಿದಂತೆ ಎಂದು ಅವನು ಈ ಕಟ್ಟಳೆಯನ್ನು ಎಂದೂ ಮುರಿದವನಲ್ಲ.

ಈ ವರ್ಷ ಮೊಮ್ಮಗಳು ಸಪ್ನಾ ಧಾರವಾಡದಲ್ಲಿ ಹೆಣ್ಣು ಹಡೆದಿದ್ದಳು. ಮುದುಕಿಯ ಖುಷಿಗೆ ಬೊಗಸೆ ಸಾಲಲಿಲ್ಲ, ಚೀಲವನ್ನೇ ಸುರುವಿದಳು. ಹಳದಿ ಬಾನೆಟ್ಟಿನಿಂದ ಇಳಿದು, ಬಂಪರ್ ದಾಟಿ, ನಂಬರ್ ಪ್ಲೇಟನ್ನು ನುಂಗಿತು. ಹೊರಡುವ ಮೊದಲು ಟೈರು ನೋಡಲು ಬಗ್ಗಿದ ದಾವಲಸಾಬ ಅದನ್ನು ಕಂಡ. ಕೈಯಲ್ಲಿ ಅರಿವೆ ಇತ್ತು. ಕೈ ಮುಂದೆ ಹೋಯಿತು. ಮೇಲೆ ನೋಡಿದರೆ ದೇವಕ್ಕ ಅವನನ್ನೇ ನೋಡುತ್ತಿದ್ದಳು. ಕೈ ಹಿಂದಕ್ಕೆ ಬಂತು.

ಕೂಸಿಗೆ ಪ್ರಸಾದ ಮುಟ್ಟಿಸಬೇಕೆಂದು ಹಿಂದಿರುಗುವಾಗ ಧಾರವಾಡಕ್ಕೆ ಹೋದರು. ಅಲ್ಲಿಂದ ಕಿತ್ತೂರಿಗೆ ಹೆದ್ದಾರಿಯೇ ದಾರಿ. ಕಮಾನು ಎಂಬತ್ತು ಅಂದಿತು, ದಾವಲಸಾಬ ಎಂಬತ್ತಕ್ಕಿಂತ ಕೆಳಗೇ ಇದ್ದ. ತಿರುವು ದಾಟಿದರೆ ಮುಂದಿನ ಕಮಾನು ನಲವತ್ತು ಅನ್ನುತ್ತಿತ್ತು. ರಸ್ತೆ ಅಂಗೈಯಷ್ಟು ಸ್ವಚ್ಛ, ಬಿಸಿಲು ಬೆಳ್ಳಗೆ ಬಿದ್ದಿತ್ತು. ಕಾಲು ಬ್ರೇಕಿಗೆ ಹೋಯಿತು, ಕಣ್ಣು ಕನ್ನಡಿಗೆ ಹೋಯಿತು. ಕನ್ನಡಿಯ ತುಂಬ ಲಾರಿ. ಗಾಡಿಯ ತುಂಬ ಹೆಂಗಸರು, ಮಕ್ಕಳು, ಉಧೋ ಉಧೋ ಎಂಬ ದೇವಿಯ ಜೈಕಾರ. ಅವನು ಬ್ರೇಕು ಒತ್ತಲಿಲ್ಲ. ಕಾಲು ಸಡಿಲಿಸಿ, ದೀಪ ಮಿಣುಕಿಸಿ, ಮೆಲ್ಲನೆ ಎಡಕ್ಕೆ ಸರಿದ. ಅಷ್ಟರಲ್ಲಿ ಕಮಾನು ಹಿಂದೆ ಬಿದ್ದಿತ್ತು, ಚಿತ್ರ ತೆಗೆದಾಗಿತ್ತು. ಮುಂದೆ ಕಿತ್ತೂರಿನವರೆಗೂ ರಸ್ತೆಯಲ್ಲಿ ಒಂದು ಕಲ್ಲೂ ಅಡ್ಡ ಇರಲಿಲ್ಲ.

ನೋಟಿಸು ಬಂದ ಮಧ್ಯಾಹ್ನವೇ ಅವನು ದೇವಕ್ಕನನ್ನು ಕಾಣಲು ಕಿತ್ತೂರಿಗೆ ಹೊರಟ. ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಹಳೆಯ ಗೆಳೆಯ, ಸಿಮೆಂಟು ಲಾರಿಯ ನಿಜಗುಣಪ್ಪ ಕೂತಿದ್ದ. ಅವನ ಮುಂದೆ ದಾವಲಸಾಬ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದ.

"ಖೋಲ್ಯಾಗ ಕುಂತಾವಗ ನಮ್ಮ ರಸ್ತಿ ಏನ ಕಾಣ್ತೈತಿ? ಮುಂಜಾನೆ ಮಂಜಿನ್ಯಾಗ ಕೈ ಕಾಣೂದಿಲ್ಲ, ಎಂಬತ್ತ ಹೋಗು ಅಂತೈತಿ. ಕಬ್ಬಿನ ಟ್ರ್ಯಾಕ್ಟರ್ ಎರಡೆರಡ ಡಬ್ಬಿ ಕಟಗೊಂಡು, ಹಿಂದೊಂದ ದೀಪ ಇಲ್ದ ನಡುರಸ್ತ್ಯಾಗ ತೆವಳ್ತಿರ್ತಾವು, ಆವಾಗೂ ಎಂಬತ್ತ. ಮಟಮಟ ಮಧ್ಯಾಹ್ನ, ಒಂದ ನಾಯಿ ಸೈತ ಇಲ್ಲ, ನಲವತ್ತ! ಯಾರ ಸತ್ತಾರಂತ ನಲವತ್ತ?"

"ಹಂಗ ಅನಬ್ಯಾಡ ಸಾಬ್" ಎಂದ ನಿಜಗುಣಪ್ಪ. "ಹ್ವಾದ ಚಳಿಗಾಲದಾಗ ಇಳಿಜಾರಿನ್ಯಾಗ ಟ್ಯಾಂಕರ್ ಅಡ್ಡ ಬಿದ್ದಿತ್ತು. ಬೋರ್ಡಿನ್ಯಾಗ ನಲವತ್ತ ಅಂತ ಬಂತಂತ ನಾ ಕಾಲ ತಗದೆ. ಇಲ್ಲಾಂದ್ರ ಇವತ್ತ ನಿನ್ನ ಬೈಗುಳ ಕೇಳಾಕ ನಾ ಇರ್ತಿದ್ದಿಲ್ಲ."

"ನಿನಗ ಖರೇ ಹೇಳೂದು, ನನಗ ಸುಳ್ಳ ಹೇಳೂದು! ಬೋರ್ಡ ಅದೇನೋ, ಇಲ್ಲಾ ಗುಡ್ಯಾಗ ಹೂ ಕೇಳಿದಂಗೋ? ಬಿದ್ರ ಬಲಕ್ಕ, ಇಲ್ಲಾಂದ್ರ ಎಡಕ್ಕ?"

"ಹತ್ತ ಸಲ ಸುಳ್ಳ ಹೇಳಿದ್ರೂ ಒಂದ ಸಲ ಜೀವ ಉಳಿಸ್ತಲ್ಲಪಾ."

"ಹತ್ತ ಸಲ ಸುಳ್ಳ ಹೇಳಿದಾವನ ಹನ್ನೊಂದನೇ ಮಾತ ಯಾವ ಕೇಳ್ತಾನಲೇ? ಅದ ನನ್ನ ತಕರಾರು. ನಿಧಾನ ಹೋಗ್ರಿ ಅಂದ್ರ ನನಗ ಸಿಟ್ಟಿಲ್ಲ. ನೋಡಲಾರ್ದ ಹೇಳ್ತಾರಲ್ಲ, ಅದಕ್ಕ ಸಿಟ್ಟು."

ಅಷ್ಟರಲ್ಲಿ ಪಕ್ಕದ ಬೆಂಚಿನಿಂದ ನಗು ಕೇಳಿತು. ಉಗರಗೋಳದ ಸುನೀಲ, ಹೊಸ ಮ್ಯಾಕ್ಸಿಕ್ಯಾಬಿನ ಡ್ರೈವರ್, ಮೊಬೈಲಿನ ಚಿತ್ರವನ್ನು ಇಣುಕಿ ನೋಡುತ್ತಿದ್ದ.

"ಭಲೇ ಕಾಕಾ! ನೀನೂ ಕಲ್ತಿ ಬಿಡು."

"ಏನ ಕಲ್ತೆ?"

"ಇದ, ಹಳದಿ ವಿದ್ಯಾ. ಆದ್ರ ಕಚ್ಚಾ ಕೆಲಸ ಮಾಡೀ. ಹಿಂದಿನ ಪ್ಲೇಟಿಗೂ ಬಳೀಬೇಕು. ಒಣಾ ಭಂಡಾರ ನಿಲ್ಲೂದಿಲ್ಲ, ಎಣ್ಯಾಗ ಕಲಸಬೇಕು. ನಮ್ಮೂರಾಗ ಚೀಲಗಟ್ಲೆ ಸಿಗ್ತೈತಿ. ಪೊಲೀಸ್ರು ಹಿಡದ್ರ ಯಲ್ಲಮ್ಮನ ಪ್ರಸಾದ ಅನ್ನೂದು. ಯಾವ ಅಪ್ಪನ ಮಗ ಒರಸ್ತಾನ?"

ದಾವಲಸಾಬನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಹಾರ್ನು ಹುಡುಕುವ ಕೈಗೆ ಸುನೀಲನ ಕೊರಳಪಟ್ಟಿ ಸಿಕ್ಕಿತು.

"ಮಂಗ್ಯಾನ ಮಗನ! ಗುಡ್ಡ ಹತ್ತದ ಭಂಡಾರ ಬಳೀತಿ? ಪೂಜಿ ಇಲ್ಲ, ಪರಡಿ ಇಲ್ಲ, ಅಂಗಡ್ಯಾಗಿನ ಅರಿಷಿಣ ತಂದು ಕಳ್ಳತನಕ್ಕ ಹಚ್ತಿ? ನಿಮ್ಮಂಥಾವ್ರ ಸಲವಾಗಿ ಈಗ ನಾ ಕಳ್ಳ! ಆ ಮುದಿಕಿ ಕಳ್ಳಿ!"

ನಿಜಗುಣಪ್ಪ ನಡುವೆ ಬಂದು ಬಿಡಿಸಿದ. ಸುನೀಲ ಅಂಗಿ ಸರಿ ಮಾಡಿಕೊಳ್ಳುತ್ತ, "ನನಗೂ ನೋಟಿಸ್ ಬಂದೈತಿ ಕಾಕಾ, ಸೋಮವಾರನ. ಇಷ್ಟ ತಲಿ ಕೆಡಿಸ್ಕೊಂಡಿಲ್ಲ ನಾ" ಎಂದು ಹೋದ.

"ಕೇಳಿಲ್ಲಿ" ಎಂದ ನಿಜಗುಣಪ್ಪ, ದಾವಲಸಾಬನನ್ನು ಕೂರಿಸಿ. "ಅಲ್ಲಿ ಕೇಳೂದು ಒಂದ ಮಾತು. ಪ್ಲೇಟ್ ಮುಚ್ಚಿದ್ದು ನಿನಗ ಗೊತ್ತಿತ್ತೋ ಇಲ್ಲೋ? ನೋಡಿಲ್ಲ ಅಂದ್ರ ದಂಡ ತುಂಬಿಸಿ ಬಿಡ್ತಾರ. ನೋಡೇನಿ ಅಂದ್ರ ಲೈಸೆನ್ಸ್ ಹೋತು. ನೋಡಿಲ್ಲ ಅನ್ನು, ಮನೀಗೆ ಬಾ. ನಿನ್ನ ಸಿಟ್ಟ ಹೊರಗ ಚಪ್ಪಲಿ ಬಿಟ್ಟಲ್ಲೆ ಬಿಟ್ಟ ಹೋಗು."

ದೇವಕ್ಕನಿಗೆ ವಿಷಯ ತಿಳಿದಾಗ ಅವಳು ಹೆದರಲಿಲ್ಲ, ಸೊಂಟಕ್ಕೆ ಸೆರಗು ಕಟ್ಟಿದಳು. "ಹಚ್ಚಿದಾಕಿ ನಾನು. ಸೋಮವಾರ ನಾನೂ ಬರತೇನಿ. ನೀ ಸುಮ್ನ ನೋಡಿಲ್ಲ ಅನ್ನು, ಉಳದದ್ದ ನಾ ನೋಡ್ಕೋತೇನಿ" ಅಂದಳು. ಅವನು ಹ್ಞೂಂ ಅಂದ. ಅಂದದ್ದು ಖರೇ.

ಸೋಮವಾರ ಅವಳನ್ನು ಕರೆದುಕೊಂಡು, ಕ್ರೂಸರನ್ನು ತಾನೇ ಓಡಿಸಿಕೊಂಡು ಬೆಳಗಾವಿ ದಿಕ್ಕಿನ ಹೆದ್ದಾರಿ ಬದಿಯ ಕಚೇರಿಗೆ ಹೋದ. ಒಳಗೆ ಸಾಲು ಬೆಂಚು, ಬೆಂಚಿನ ತುಂಬ ಡ್ರೈವರುಗಳು. ವಿಚಾರಣೆ ಮಾಡುವ ಅಧಿಕಾರಿ ರಾಜೇಶ್ವರಿ ಎಂಬ ಹೆಣ್ಣುಮಗಳು, ಈ ಕಡೆಯವಳೇ. ಸೊಕ್ಕಿರಲಿಲ್ಲ, ದಣಿವಿತ್ತು. ಮೊದಲು ಸುನೀಲನ ಸರದಿ ಬಂತು.

"ಪ್ಲೇಟ್ ಮುಚ್ಚಿದ್ದು ನೋಡಿರ್ಲಿಲ್ಲೇನು?"

"ದೇವರಾಣಿ ನೋಡಿಲ್ರಿ ಮೇಡಂ. ಭಕ್ತರು ಹಚ್ಚಿದ್ರಿ. ನಾ ಚಹಾ ಕುಡ್ಯಾಕ ಹೋಗಿದ್ದೆ." ಅವನು ಎರಡೂ ಕೈ ಜೋಡಿಸಿ, ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದ. ದಂಡ ಬರೆದು ಕಳಿಸಿದರು. ಹಾದುಹೋಗುವಾಗ ದಾವಲಸಾಬನಿಗೆ ಒಂದು ಕಣ್ಣು ಹೊಡೆದ.

ದಾವಲಸಾಬನ ಹೆಸರು ಕರೆದಾಗ ಅವನಿಗಿಂತ ಮೊದಲು ದೇವಕ್ಕ ಎದ್ದಳು.

"ಬರಕೋರಿ ನನ್ನ ಹೆಸರು. ಭಂಡಾರ ಹಚ್ಚಿದಾಕಿ ನಾನು. ಏನ್ ಗಲ್ಲಿಗೇರಸ್ತೀರಿ?"

"ಕುಂದರ್ರಿ ಆಯಿ" ಎಂದಳು ರಾಜೇಶ್ವರಿ. "ಗಾಡಿ ಹೊಡದಾಕಿ ನೀವಲ್ಲ. ಮುಂಜಾನಿಂದ ಇಲ್ಲಿ ಬಂದಾವ್ರೆಲ್ಲ ಯಲ್ಲಮ್ಮನ ಹೆಸರ ಹೇಳ್ಯಾರ. ಯಾರ ಖರೇ ಗುಡ್ಡಕ್ಕ ಹೋಗಿದ್ರು, ಯಾರ ಅಂಗಡೀಗೆ ಹೋಗಿದ್ರು, ನನಗೇನ ಗೊತ್ತಾಗಬೇಕ್ರಿ?" ಆಮೇಲೆ ದಾವಲಸಾಬನ ಕಡೆ ತಿರುಗಿದಳು. "ವೇಗದ್ದು ಬಿಡ್ತೇನಿ. ಚಿತ್ರದಾಗ ನಿಮ್ಮ ಬೆನ್ನಿಗೇ ಲಾರಿ ಕಾಣ್ತೈತಿ, ಬ್ರೇಕ್ ಹೊಡದಿದ್ರ ಅನಾಹುತ ಆಗ್ತಿತ್ತು. ಒಂದ ಪ್ರಶ್ನೆ. ಗಾಡಿ ತಗಿಯೂಕಿಂತ ಮೊದ್ಲ ಪ್ಲೇಟ್ ಮುಚ್ಚೇತಂತ ನೋಡಿದ್ರೋ, ಇಲ್ಲೋ?"

ದೇವಕ್ಕ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಆದರೆ ಬಾಗಿಲ ಬಳಿ ಸುನೀಲ ನಿಂತಿದ್ದ. ಹಲ್ಲು ಕಿರಿಯುತ್ತ, ಹೇಳಿಬಿಡು ಕಾಕಾ ಎಂಬಂತೆ ತಲೆಯಾಡಿಸುತ್ತಿದ್ದ. ದಾವಲಸಾಬನ ಬಲಗೈ ಮೇಲೆದ್ದಿತು. ಅಲ್ಲಿ ಹಾರ್ನೂ ಇರಲಿಲ್ಲ, ಬಸಿಯೂ ಇರಲಿಲ್ಲ. ಸಿಟ್ಟು ಬಾಯಿಗೇ ಬಂತು.

"ನೋಡೇನ್ರಿ!"

"ಏನಂದ್ರಿ?"

"ನೋಡೇನಿ ಅಂದೆ. ಬಗ್ಗಿ, ಕಣ್ಣ ಬಿಟ್ಟ ನೋಡೇನಿ. ಕೈಯಾಗ ಅರಿವಿ ಇತ್ತು, ಒರಸಲಿಲ್ಲ. ಮನಿ ಮುಟ್ಟೂತನಾ ಒರಸೂ ಪದ್ಧತಿ ನಮ್ಮಲ್ಲಿಲ್ಲ. ನನ್ನ ಗಾಡ್ಯಾಗ ಒಂದ ನಟ್ ಸಡ್ಲಾದ್ರ ನನಗ ಗೊತ್ತಾಗ್ತೈತಿ. ಎದಿಮಟ ಹಳದಿ ಬಳದದ್ದ ನೋಡಿಲ್ಲ ಅನ್ಲ್ಯಾ? ಹಂಗಂದ್ರ ನಾ ಕುರುಡ. ಕುರುಡಗ ಲೈಸೆನ್ಸ್ ಯಾಕ ಬೇಕ್ರಿ?"

"ದಾವಲಸಾಬ್ರ, ಸ್ವಲ್ಪ ಸಮಾಧಾನದಿಂದ..."

"ಸಮಾಧಾನ ಹೆಂಗ್ರಿ? ನೋಡಲಾರ್ದ ಹೇಳೂ ಬೋರ್ಡಿಗೆ ನಾ ದಿನಾ ಬೈಕೊಂತ ಅಡ್ಡಾಡಾವ. ಖಾಲಿ ರಸ್ತೀಗೆ ನಲವತ್ತ ಅಂತೈತಿ, ಮಂಜಿಗೆ ಎಂಬತ್ತ ಅಂತೈತಿ. ಈಗ ನಾನೂ ನೋಡಿಲ್ಲ ಅಂದ್ರ ಅದಕೂ ನನಗೂ ಏನ್ರಿ ಫರಕು? ತಪ್ಪಂದ್ರ ತಪ್ಪ ಅನ್ರಿ. ಆದ್ರ ಕಳ್ಳ ಅನಬ್ಯಾಡ್ರಿ. ಕಳ್ಳರು ಈಗ ದಂಡ ತುಂಬಿ ನಕ್ಕೋತ ಹೊರಗ ಹ್ವಾದ್ರು. ಅವ್ರ ಲೈಸೆನ್ಸ್ ಅವ್ರ ಕಿಸೇದಾಗ ಐತಿ!"

ರಾಜೇಶ್ವರಿಯ ಪೆನ್ನು ನಿಂತಿತ್ತು. ಅವಳು ಬಾಗಿಲ ಕಡೆ ನೋಡಿದಳು, ಸುನೀಲ ಅಷ್ಟರಲ್ಲಿ ಮರೆಯಾಗಿದ್ದ. ಮತ್ತೆ ದಾವಲಸಾಬನನ್ನು ನೋಡಿದಳು.

"ನಿಮ್ಮ ಮಾತ ನಂಬ್ತೇನಿ" ಎಂದಳು ಮೆಲ್ಲಗೆ. "ನಂಬಿದ್ದಕ್ಕನ ನನಗ ಬ್ಯಾರೆ ದಾರಿ ಇಲ್ರಿ. ನೋಡೇನಿ ಅಂತ ನೀವ ಅಂದ್ರಿ."

"ಅಂದೇನಿ. ಬರಕೋರಿ."

ಎದೆಯ ಕಿಸೆಯಿಂದ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟ. ಇಟ್ಟ ಮೇಲೆ ಕೈ ಮತ್ತೆ ಖಾಲಿ ಕಿಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತು. ಬೆಂಚಿನ ಮೇಲಿದ್ದವರು ಯಾರೂ ನಗಲಿಲ್ಲ.

ಹೊರಗೆ ಬಂದೊಡನೆ ದೇವಕ್ಕ ಶುರು ಮಾಡಿದಳು. "ಹುಚ್ಚಪ್ಯಾಲಿ! ಎರಡ ಅಕ್ಷರದ ಮಾತು. ಇಲ್ಲ ಅಂದಿದ್ರ ನಿನ್ನ ಬಾಯಾಗಿನ ಹಲ್ಲ ಉದರ್ತಿದ್ವೇನ? ನಾ ಆ ತಾಯಿ ಮುಂದ ತಪ್ಪ ಕಾಣಿಕಿ ಹಾಕಿ ಬರ್ತಿದ್ದೆ."

"ನೀ ಹಾಕ್ತಿದ್ದಿ ಆಯಿ. ಮರುದಿನ ಸ್ಟೇರಿಂಗ್ ಹಿಡಿಯಾವ ನಾನು."

"ಈಗ ಏನ ಹಿಡೀತಿ? ಮಣ್ಣ?"

ಆಗಲೇ ಅವನಿಗೆ ಹೊಳೆದದ್ದು. ಎದುರಿಗೆ ಕ್ರೂಸರ್ ನಿಂತಿತ್ತು. ಕೀಲಿ ಅವನ ಬೆರಳಲ್ಲಿತ್ತು. ಬರುವಾಗ ಓಡಿಸಿಕೊಂಡು ಬಂದ ಗಾಡಿಯನ್ನು ಈಗ ಅವನು ಓಡಿಸುವಂತಿಲ್ಲ. ಬೆಂಚಿನಿಂದ ಎದ್ದು ಬಂದ ಎಲ್ಲರೂ ತಂತಮ್ಮ ಗಾಡಿ ಹತ್ತಿ ಹೋಗುತ್ತಿದ್ದರು. ನೋಡಿಲ್ಲ ಅಂದವರು ಎಲ್ಲರೂ ಹೋಗುತ್ತಿದ್ದರು.

ಸುನೀಲ ಒಬ್ಬ ಉಳಿದಿದ್ದ. ಬಸ್ಸಿಗೆ ಬಂದಿದ್ದನಂತೆ. ಈಗ ಹಲ್ಲು ಕಿರಿಯುತ್ತಿರಲಿಲ್ಲ. ಕೈ ಚಾಚಿದ. "ಕೊಡು ಕಾಕಾ. ನಾ ಹೊಡೀತೇನಿ. ಆಯಿನ ಕಿತ್ತೂರಿಗೆ ಮುಟ್ಸಿ, ಗಾಡಿ ನಿಮ್ಮ ಮನೀ ಮುಂದ ಹಚ್ಚಿ ಹೋಗ್ತೇನಿ."

"ನಿನ್ನ ಕೈಯಾಗ? ಅದಕಿಂತ ಎತ್ತ ಹೂಡಿ ಎಳಸ್ತೇನಿ!"

"ಎತ್ತ ಎಲ್ಲಿಂದ ತರ್ತಿ?" ಎಂದು ದೇವಕ್ಕ ಗದರಿದಳು. "ಮನ್ಯಾಗ ನನ್ನ ಎಮ್ಮಿ ಒದರಾಕತ್ತಿರ್ತೈತಿ. ಕೊಡು ಕೀಲಿ."

ಕೀಲಿ ಕೊಟ್ಟ. ಕೊಟ್ಟನೋ, ಮುದುಕಿ ಕಿತ್ತುಕೊಂಡಳೋ, ಅಂತೂ ಕೈ ದಾಟಿತು. ದಾವಲಸಾಬ ತನ್ನದೇ ಗಾಡಿಯ ಎಡಗಡೆ ಹತ್ತಿ ಕೂತ. ಮುಂದೆ ಹಿಡಿಯಲು ಏನೂ ಇರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟ, ತೆಗೆದ, ಕಂಕುಳಲ್ಲಿ ಸೇರಿಸಿದ. ಸುನೀಲ ಗೇರು ಹಾಕಿದ, ಗಾಡಿ ಕರಕರ ಅಂದಿತು.

"ಕ್ಲಚ್ ಪೂರಾ ಒತ್ತಲೇ! ಗೇರ್ ಹಾಕ್ತೀಯೋ, ಹುರುಳಿ ಬೀಸ್ತೀಯೋ?"

"ಒತ್ತೇನ್ ಕಾಕಾ."

"ಕನ್ನಡಿ ಸರಿ ಮಾಡ್ಕೊ. ಬೆಲ್ಟ್ ಹಾಕ್ಕೊ. ನನ್ನ ಮಾರಿ ಏನ ನೋಡ್ತಿ, ರಸ್ತಿ ನೋಡು!"

ಕಚೇರಿಯ ಗೇಟು ದಾಟಿ ಸುನೀಲ ಹೆದ್ದಾರಿಯ ಏರಿನ ಕಡೆ ತಿರುಗಿಸಿದ. ದಾವಲಸಾಬನ ಕೈ ಹೋಗಿ ಸ್ಟೇರಿಂಗಿನ ಮೇಲೆ ಬಿತ್ತು.

"ಏ, ಎಲ್ಲಿ? ಹೊಳ್ಳಸು. ಒಳರಸ್ತೀಗೆ ತಗೊ. ನೇಸರಗಿ ಮ್ಯಾಲೆ ಹೋಗು."

"ಭಾಳ ಸುತ್ತ ಆಗ್ತೈತಿ ಕಾಕಾ. ರಸ್ತೀನೂ ಛಲೋ ಇಲ್ಲ."

"ಯಪ್ಪಾ, ನನ್ನ ಎಮ್ಮಿ..." ಎಂದು ಹಿಂದಿನಿಂದ ದೇವಕ್ಕ ನರಳಿದಳು.

"ಆಗಲಿ ಸುತ್ತ. ನೋಡಿಲ್ಲ ಅನ್ನಾವನ ಕೈಯಾಗ ನನ್ನ ಗಾಡಿ ಹೆದ್ದಾರಿ ಹತ್ತೂದಿಲ್ಲ."

ಸುನೀಲ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿ, ಒಳರಸ್ತೆಯ ಕಡೆ ಸ್ಟೇರಿಂಗ್ ಹೊಳ್ಳಿಸಿದ.